ಓದುಗರ ಪ್ರಶ್ನೆ, ವೈದ್ಯರ ಉತ್ತರ: ನೋವಿನ ಅಧ್ಯಯನಕ್ಕೆ ಸೇರಲೇ, ಬೇಡವೇ?

ಹಿಂದಿನ ಸಂಚಿಕೆಯೊಂದರಲ್ಲಿ ಸೊಂಟನೋವಿನ ಬಗ್ಗೆ ಬರೆಯುತ್ತಾ, ‘ಮೆಡಿಕಲ್ ಕಾಲೇಜಿನಲ್ಲಿ ಯಾರಾದರೂ ನೋವಿನ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರೆ ಮುಖ ತಿರುಗಿಸಿ ಎದ್ದು ಹೋಗಬೇಡಿ’ ಎಂದು ಒಂದು ಸಾಲು ಸೇರಿಸಿದ್ದೆ. ಸೊಂಟನೋವಿನ ಲೇಖನವನ್ನು ಯಾರು ಓದಿದರೋ ತಿಳಿಯದು. ಆ ಒಂದು ಸಾಲಿಗೆ ಮಾತ್ರ ಸಂಪಾದಕರು ಒಂದು ಕಟ್ಟು ಪತ್ರ ಕಳುಹಿಸಿದ್ದಾರೆ. ಅರ್ಧ ಪತ್ರಗಳಲ್ಲಿ ಭಯ, ಇನ್ನರ್ಧದಲ್ಲಿ ಸಿಟ್ಟು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಸಕ್ಕರೆ ಕಾಯಿಲೆಯ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ಅರಿವಳಿಕೆ ತಜ್ಞೆ. ನಿವೃತ್ತಿಗೆ ಮೊದಲಿನ ವರ್ಷಗಳಲ್ಲಿ ನೋವು ನಿವಾರಣೆಯ ಹೊರರೋಗಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಬೇರೆಯವರ ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲೂ ಕುಳಿತಿದ್ದೆ. ಅಲ್ಲಿ ‘ಈ ಸಮ್ಮತಿ ಪತ್ರ ನಮ್ಮ ಆಯಾಗೆ ಅರ್ಥವಾಗುವುದಿಲ್ಲ, ಮತ್ತೆ ಬರೆದು ತನ್ನಿ’ ಎಂದು ವಾಪಸ್ ಕಳಿಸುವುದಕ್ಕೆ ಸ್ವಲ್ಪ ಹೆಸರುವಾಸಿಯಾಗಿದ್ದೆ. ಯಾವ ಔಷಧ ಕಂಪನಿಯೊಂದಿಗೂ ನನಗೆ ಲೇವಾದೇವಿಯಿಲ್ಲ.

ಪ್ರಶ್ನೆ: ಮೇಡಂ, ನನಗೆ 58 ವರ್ಷ. ಎರಡೂ ಮಂಡಿ ಸವೆದಿವೆ ಎಂದು ಎಕ್ಸ್‌ರೇಯಲ್ಲಿ ಬಂದಿದೆ. ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದೆ. ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜಿನಲ್ಲಿ ತೋರಿಸಿದಾಗ ಒಬ್ಬ ಪಿಜಿ ಡಾಕ್ಟರು (ಎಂಡಿ, ಎಂಎಸ್ ಓದುತ್ತಿರುವವರು), ನಮ್ಮದೇ ರಕ್ತದಿಂದ ತಯಾರಿಸಿದ ಇಂಜೆಕ್ಷನ್‌ನ ಅಧ್ಯಯನ ನಡೆಯುತ್ತಿದೆ, ಆರು ತಿಂಗಳು ಬಂದು ಹೋಗಬೇಕು, ಸೇರುತ್ತೀರಾ ಎಂದು ಕೇಳಿದರು. ಅರ್ಧದಷ್ಟು ಜನರಿಗೆ ಬರೀ ಉಪ್ಪುನೀರು ಚುಚ್ಚುತ್ತಾರಂತೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿರುವುದಿಲ್ಲವಂತೆ! ನನ್ನ ಯಜಮಾನರು ‘ನಿನ್ನ ಮೇಲೆ ಪ್ರಯೋಗ ಮಾಡಿಸಿಕೊಳ್ಳಬೇಡ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗಳು ‘ದುಡ್ಡು ಕೊಟ್ಟು ಅದೇ ಇಂಜೆಕ್ಷನ್ ಇಲ್ಲಿ ಹಾಕಿಸೋಣ ಬಾ’ ಎನ್ನುತ್ತಾಳೆ. ಉಪ್ಪುನೀರು ನನ್ನ ಪಾಲಿಗೆ ಬಂದರೆ ಆರು ತಿಂಗಳು ದಂಡವಲ್ಲವೇ?
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಯಜಮಾನರು ಹೇಳಿದ್ದು ಸರಿ. ಅದು ಪ್ರಯೋಗವೇ. ಆ ಡಾಕ್ಟರು ನಿಮ್ಮ ಮಂಡಿಯನ್ನು ವಾಸಿ ಮಾಡಲೆಂದು ಕರೆದಿಲ್ಲ. ತಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಯಲು ನಿಮ್ಮ ಸಹಾಯ ಕೇಳಿದ್ದಾರೆ. ಇಷ್ಟನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಮುಂದಿನ ಎಷ್ಟೋ ಬೇಸರ ತಪ್ಪುತ್ತದೆ. ಅಧ್ಯಯನಕ್ಕೆ ಸೇರಿದ ಹೆಚ್ಚಿನವರು ‘ಡಾಕ್ಟರಿಗೆ ನನಗೆ ಯಾವುದು ಒಳ್ಳೆಯದೆಂದು ಗೊತ್ತು, ಅದನ್ನೇ ಕೊಡುತ್ತಾರೆ’ ಎಂದುಕೊಂಡಿರುತ್ತಾರೆ. ಗೊತ್ತಿದ್ದರೆ ಅಧ್ಯಯನವೇ ಬೇಕಿರಲಿಲ್ಲ.

ಅವರು ಹೇಳುತ್ತಿರುವುದು ಪಿಆರ್‌ಪಿ ಎಂಬ ಇಂಜೆಕ್ಷನ್ ಇರಬೇಕು. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಮಂಡಿಯೊಳಗೆ ಚುಚ್ಚುತ್ತಾರೆ. ನಮ್ಮದೇ ರಕ್ತ, ಹಾಗಾಗಿ ಒಳ್ಳೆಯದೇ ಇರಬೇಕು ಎಂಬ ನಂಬಿಕೆಯ ಮೇಲೆ ದೊಡ್ಡ ಊರುಗಳ ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದೊಂದು ಚುಚ್ಚಿಗೆ ಸಾವಿರಗಟ್ಟಲೆ ರೂಪಾಯಿ ಕೀಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಇದನ್ನೇ 288 ಮಂದಿಯ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನರಿಗೆ ಪಿಆರ್‌ಪಿ, ಅರ್ಧ ಜನರಿಗೆ ಉಪ್ಪುನೀರು. ವರ್ಷದ ಕೊನೆಗೆ ಹತ್ತು ಅಂಕಗಳ ನೋವಿನ ಅಳತೆಯಲ್ಲಿ ಪಿಆರ್‌ಪಿ ಪಡೆದವರ ನೋವು ಸರಾಸರಿ 2.1 ಅಂಕ ಇಳಿದಿತ್ತು, ಉಪ್ಪುನೀರು ಪಡೆದವರದು 1.8. ಇದನ್ನು ವ್ಯತ್ಯಾಸ ಎನ್ನಲು ಬರುವುದಿಲ್ಲ. ಆದರೂ ಪಿಆರ್‌ಪಿಯನ್ನು ತಯಾರಿಸುವ ರೀತಿ, ಚುಚ್ಚುವ ಪ್ರಮಾಣ, ಸವೆತ ಎಷ್ಟಿದ್ದಾಗ ಕೊಡಬೇಕು ಎಂಬುದೆಲ್ಲ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ವಾದ ಮುಗಿದಿಲ್ಲ. ಅದಕ್ಕೇ ನಿಮ್ಮ ಜಿಲ್ಲೆಯ ಕಾಲೇಜಿನಲ್ಲೂ ಅಧ್ಯಯನ. ಮಗಳಿಗೆ ಹೇಳಿ: ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡರೂ ಅದು ಪ್ರಯೋಗವೇ, ಆದರೆ ಆ ಪ್ರಯೋಗದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಈಗ ಉಪ್ಪುನೀರಿಗೆ ಬರೋಣ. ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಿ. ಉಪ್ಪುನೀರು ಚುಚ್ಚಿಸಿಕೊಂಡವರ ನೋವೂ ಇಳಿದಿತ್ತು. ಹೇಗೆ? ಒಂದು ಕಾರಣ ತೀರಾ ಸರಳ. ಮಂಡಿನೋವು ಏರುತ್ತದೆ, ಇಳಿಯುತ್ತದೆ. ಏರಿದಾಗಲೇ ಜನ ಬಸ್ಸು ಹತ್ತಿ ಆಸ್ಪತ್ರೆಗೆ ಬರುವುದು, ಅಧ್ಯಯನಕ್ಕೆ ಸೇರುವುದೂ ಆಗಲೇ. ಅಲ್ಲಿಂದ ಮುಂದೆ ಏನು ಕೊಟ್ಟರೂ, ಏನೂ ಕೊಡದಿದ್ದರೂ, ನೋವು ತನ್ನ ಮಾಮೂಲು ಮಟ್ಟಕ್ಕೆ ಇಳಿಯುವ ಸಂಭವವೇ ಹೆಚ್ಚು. ಊರಿನ ಎಷ್ಟೋ ನಾಟಿ ಔಷಧಗಳ ಕೀರ್ತಿಯೂ, ನಮ್ಮ ಎಷ್ಟೋ ಮಾತ್ರೆಗಳ ಕೀರ್ತಿಯೂ ನಿಂತಿರುವುದು ಇದರ ಮೇಲೆ.

ಇನ್ನೊಂದು ಕಾರಣ ಪ್ಲಾಸಿಬೊ, ಅಂದರೆ ಔಷಧವೇ ಇಲ್ಲದ ಔಷಧ ಮಾಡುವ ಕೆಲಸ. ‘ಹಾಗಾದರೆ ನನ್ನ ನೋವು ಬರೀ ಭ್ರಮೆಯೇ?’ ಎಂದು ಜನ ಇಲ್ಲಿ ಸಿಟ್ಟಾಗುತ್ತಾರೆ. ಖಂಡಿತ ಅಲ್ಲ. 1978ರಲ್ಲಿ ಅಮೆರಿಕದ ಮೂವರು ಸಂಶೋಧಕರು, ಹಲ್ಲು ಕೀಳಿಸಿಕೊಂಡವರಿಗೆ ಪ್ಲಾಸಿಬೊ ಕೊಟ್ಟು ನೋವು ಇಳಿದದ್ದನ್ನು ನೋಡಿದರು. ಬಳಿಕ ಮಾರ್ಫಿನ್‌ನ ಕೆಲಸವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧವನ್ನು ಕೊಟ್ಟರು. ಇಳಿದ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ನೋವು ಇಳಿಯುವಾಗ ನಮ್ಮ ಮಿದುಳು ತನ್ನದೇ ಮಾರ್ಫಿನ್‌ನಂಥ ರಸಗಳನ್ನು ಸುರಿಸಿಕೊಳ್ಳುತ್ತಿರುತ್ತದೆ. ನೋವೂ ನಿಜ, ಶಮನವೂ ನಿಜ. ಔಷಧದ ಅಸಲು ಬೆಲೆ ತಿಳಿಯಬೇಕಾದರೆ ಈ ಶಮನದ ಪಾಲನ್ನು ಕಳೆದು ನೋಡಬೇಕು. ಕಳೆಯಲು ಉಪ್ಪುನೀರು ಬೇಕು.

ಮಂಡಿಯ ವಿಷಯದಲ್ಲೇ ಇದರ ದೊಡ್ಡ ಉದಾಹರಣೆಯಿದೆ. ಮಂಡಿಯೊಳಗೆ ಕೊಳವೆ ತೂರಿಸಿ ತೊಳೆದು, ಕೆರೆದು ಸ್ವಚ್ಛ ಮಾಡುವ ಶಸ್ತ್ರಚಿಕಿತ್ಸೆ ಒಂದು ಕಾಲಕ್ಕೆ ಎಲ್ಲೆಲ್ಲೂ ನಡೆಯುತ್ತಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮಂಡಿಯ ಮೇಲೆ ಚರ್ಮವನ್ನಷ್ಟೇ ಕೊಯ್ದು ಹೊಲಿದು ಕಳಿಸಿದರು. ಹೀಗಾಗಬಹುದು ಎಂದು ಮೊದಲೇ ಎಲ್ಲರಿಂದ ಬರೆಸಿಕೊಂಡಿದ್ದರು. 2002ರಲ್ಲಿ ಬಂದ ಫಲಿತಾಂಶ: ಎರಡು ವರ್ಷದ ಬಳಿಕವೂ, ನಿಜವಾದ ಶಸ್ತ್ರಚಿಕಿತ್ಸೆ ಪಡೆದವರು ಚರ್ಮ ಮಾತ್ರ ಕೊಯ್ಯಿಸಿಕೊಂಡವರಿಗಿಂತ ಹೆಚ್ಚು ಸುಖವಾಗೇನೂ ಇರಲಿಲ್ಲ. ಆ 180 ಮಂದಿ ಒಪ್ಪದಿದ್ದರೆ ಇವತ್ತಿಗೂ ನಿಮ್ಮಂಥವರ ಮಂಡಿಯನ್ನು ಕೆರೆಯುತ್ತಲೇ ಇರುತ್ತಿದ್ದೆವು.

ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ಡಾಕ್ಟರ ಕೈಗೆ ಆ ಆಯ್ಕೆ ಬಿಟ್ಟರೆ, ತೀರಾ ನರಳುವವರಿಗೆ ಮರುಕದಿಂದ ಅಸಲಿ ಔಷಧ ಹೋಗುತ್ತದೆ, ಲೆಕ್ಕ ಕೆಡುತ್ತದೆ. ಮರೆಮಾಚಲು ಎಲ್ಲರಿಂದಲೂ ರಕ್ತ ತೆಗೆಯುತ್ತಾರೆ, ಸಿರಿಂಜಿಗೆ ಏನಾದರೂ ಸುತ್ತಿರುತ್ತಾರೆ. ಗಾಬರಿಯಾಗಬೇಡಿ.

ಸೇರುವ ಮೊದಲು ಕೆಲವು ವಿಷಯಗಳನ್ನು ಬಾಯಿಬಿಟ್ಟು ಕೇಳಿ. ಈಗ ತೆಗೆದುಕೊಳ್ಳುತ್ತಿರುವ ನೋವಿನ ಮಾತ್ರೆಯನ್ನು ನಿಲ್ಲಿಸಬೇಕೇ? ಎಷ್ಟೋ ಅಧ್ಯಯನಗಳಲ್ಲಿ ಹಳೆಯ ಔಷಧ ಮೈಯಿಂದ ಹೊರಹೋಗಲೆಂದು ಒಂದೆರಡು ವಾರ ನಿಲ್ಲಿಸುತ್ತಾರೆ, ಆ ದಿನಗಳು ಸುಲಭವಲ್ಲ. ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್‌ನಂಥದ್ದನ್ನು ನುಂಗಲು ಅನುಮತಿಯಿದೆಯೇ? ಉಪ್ಪುನೀರು ಸಿಕ್ಕವರಿಗೆ ಅಧ್ಯಯನ ಮುಗಿದ ಮೇಲೆ ಏನು ಚಿಕಿತ್ಸೆ? ಬಸ್ಸಿನ ಖರ್ಚು ಕೊಡುತ್ತಾರೆಯೇ? ಇಂಜೆಕ್ಷನ್‌ಗಾಗಲಿ ಹೆಚ್ಚುವರಿ ಪರೀಕ್ಷೆಗಾಗಲಿ ನಿಮ್ಮಿಂದ ಹಣ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಮಂಡಿಯೊಳಗೆ ಸೂಜಿ ಹೋದಾಗಲೆಲ್ಲ, ಅಸಲಿಯಾಗಲಿ ಉಪ್ಪುನೀರಾಗಲಿ, ಸೋಂಕಿನ ಅಪಾಯ ಸಣ್ಣದಾಗಿ ಇದ್ದೇ ಇರುತ್ತದೆ. ಊತ, ಜ್ವರ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ನಿಮ್ಮ ಕಾಯಿಲೆ ಜೀವಕ್ಕೆ ಅಪಾಯ ತರುವಂಥದ್ದಲ್ಲ, ಆರು ತಿಂಗಳು ಕಾದರೆ ಕೈತಪ್ಪಿ ಹೋಗುವ ಚಿಕಿತ್ಸೆ ಯಾವುದೂ ಇಲ್ಲ. ಆದ್ದರಿಂದ ಸೇರಬಹುದು. ಆದರೆ ಅವರು ಬರಹೇಳುವ ದಿನಗಳು ಅಡಿಕೆ ಕೊಯ್ಲಿನ ನಡುವೆ ಬೀಳುತ್ತವೆಯೇ ನೋಡಿಕೊಳ್ಳಿ. ಆಳುಗಳಿಗೆ ಅಡುಗೆ, ಬೇಯಿಸುವ ಹಂಡೆ, ಅಂಗಳದ ತುಂಬ ಅಡಿಕೆ ಇರುವಾಗ ನೀವು ಬಸ್ಸು ಹತ್ತಿ ಹೋಗುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಡುವೆ ಬಿಡಲು ನಿಮಗೆ ಪೂರ್ಣ ಹಕ್ಕಿದೆ. ಆದರೂ ಬಿಡಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಈಗಲೇ ಬೇಡ ಎನ್ನುವುದು ಆ ಹುಡುಗನಿಗೂ ಉಪಕಾರ. ಇನ್ನು, ಸೇರಿ ಅಥವಾ ಬಿಡಿ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಇವತ್ತೇ ಶುರು ಮಾಡಿ. ಅದಕ್ಕೆ ಯಾರ ಸಮ್ಮತಿ ಪತ್ರವೂ ಬೇಕಿಲ್ಲ. ಸೇರುವುದಾದರೆ ವ್ಯಾಯಾಮ ಮಾಡುತ್ತಿರುವುದನ್ನು ಅವರಿಗೆ ತಿಳಿಸಿ.

ಪ್ರಶ್ನೆ: ನಾನು ಸಾರಿಗೆ ಸಂಸ್ಥೆಯ ನಿವೃತ್ತ ಚಾಲಕ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಸೆಳೆತ. ಮಾತ್ರೆಯ ಅಧ್ಯಯನವೊಂದಕ್ಕೆ ಸೇರಿದ್ದೇನೆ. ಒಂದು ಪುಸ್ತಕ ಕೊಟ್ಟು, ದಿನಾ ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ ಎಂದಿದ್ದಾರೆ. ನೋವಿಗೆ ಅಂಕ ಹಾಕುವುದು ಹೇಗೆ? ಡಾಕ್ಟರಮ್ಮ ತುಂಬ ಒಳ್ಳೆಯವರು, ಕಡಿಮೆಯಾಗಿಲ್ಲ ಎಂದರೆ ನೊಂದುಕೊಳ್ಳುತ್ತಾರೆ. ಇನ್ನೊಂದು ವಿಷಯ: ಪಕ್ಕದ ಊರಿನಲ್ಲಿ ಎಣ್ಣೆ ತಿಕ್ಕುವವರ ಹತ್ತಿರವೂ ಹೋಗಿ ಬರುತ್ತಿದ್ದೇನೆ. ಹೇಳಬೇಕೇ?
– ಹುಬ್ಬಳ್ಳಿ

ಉತ್ತರ: ಹೇಳಬೇಕು. ಇವತ್ತೇ ಫೋನ್ ಮಾಡಿ ಹೇಳಿ. ಬೈಯುವುದಿಲ್ಲ. ಎಣ್ಣೆ ತಿಕ್ಕಿಸಿಕೊಂಡದ್ದಕ್ಕೆ ಇಳಿದ ನೋವು ಮಾತ್ರೆಯ ಖಾತೆಗೆ ಜಮೆಯಾದರೆ, ನಾಳೆ ಕೆಲಸಕ್ಕೆ ಬಾರದ ಮಾತ್ರೆಯನ್ನು ಸಾವಿರಾರು ಜನ ನುಂಗಬೇಕಾಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ತಂದ ಡೈಕ್ಲೋಫೆನಾಕ್, ಅಳಿಯ ಕೊಟ್ಟ ಕಷಾಯ, ಎಲ್ಲವನ್ನೂ ಹೇಳಿ. ಕೆಲವು ಬೇರೆ ಔಷಧಗಳ ಜೊತೆ ಸೇರಿದರೆ ಮೂತ್ರಪಿಂಡಕ್ಕೋ ಹೊಟ್ಟೆಗೋ ಪೆಟ್ಟು ಬೀಳುತ್ತದೆ. ಅದು ಲೆಕ್ಕಕ್ಕಿಂತ ಮುಖ್ಯ.

ಅಂಕದ ವಿಷಯಕ್ಕೆ ಬಂದರೆ, ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ನೀವು ಊಹಿಸಬಲ್ಲ ಅತಿ ಕೆಟ್ಟ ನೋವು. ಪಕ್ಕದವರ ಎಂಟಕ್ಕೂ ನಿಮ್ಮ ಎಂಟಕ್ಕೂ ಸಂಬಂಧವಿಲ್ಲ. ಹೋದ ವಾರದ ನಿಮ್ಮ ಅಂಕದ ಜೊತೆ ಈ ವಾರದ ನಿಮ್ಮ ಅಂಕವನ್ನು ಮಾತ್ರ ಹೋಲಿಸುತ್ತಾರೆ. ಹಾಗಾಗಿ ನಿಮಗೆ ನೀವೇ ಒಂದೇ ಅಳತೆಯನ್ನು ಇಟ್ಟುಕೊಂಡರೆ ಸಾಕು. ಹಿಂದಿನ ಪುಟ ತಿರುವಿ ನೋಡಿ ಅಂಕ ಹಾಕಬೇಡಿ. ಮುಖ್ಯವಾಗಿ, ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಇಡೀ ತಿಂಗಳಿನದನ್ನು ಒಟ್ಟಿಗೆ ತುಂಬಬೇಡಿ.

ನಗಬೇಡಿ, ಇದು ಜಗತ್ತಿನಾದ್ಯಂತ ನಡೆಯುತ್ತದೆ. ಅಮೆರಿಕದಲ್ಲಿ ದೀರ್ಘಕಾಲದ ನೋವಿನ 40 ಮಂದಿಗೆ ಇಂಥದೇ ದಿನಚರಿ ಕೊಟ್ಟರು. ಪುಸ್ತಕ ತೆರೆದಾಗಲೆಲ್ಲ ಬೆಳಕು ಬಿದ್ದು ಗುಟ್ಟಾಗಿ ದಾಖಲಾಗುವ ಸಾಧನವನ್ನು ಅದರ ಹೊದಿಕೆಯೊಳಗೆ ಇಟ್ಟಿದ್ದರು. ಜನ ಬರೆದ ಸಮಯಗಳನ್ನು ನಂಬಿದರೆ, ನೂರಕ್ಕೆ 90 ಪಾಲು ನಮೂದುಗಳು ಹೊತ್ತಿಗೆ ಸರಿಯಾಗಿ ಆಗಿದ್ದವು. ಬೆಳಕಿನ ಲೆಕ್ಕದ ಪ್ರಕಾರ ಅದು ನೂರಕ್ಕೆ 11! 2002ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಓದಿದ ಮೇಲೆ ನಾನು ರೋಗಿಗಳ ಪುಸ್ತಕದಲ್ಲಿ ಒಂದೇ ಪೆನ್ನು, ಒಂದೇ ಒತ್ತಿನ ಬರಹ ಕಂಡರೆ ಹುಬ್ಬು ಏರಿಸಲು ಶುರು ಮಾಡಿದೆ. ಒಂದು ದಿನ ಮರೆತರೆ ಖಾಲಿ ಬಿಡಿ. ಖಾಲಿ ಜಾಗವನ್ನು ನಿಭಾಯಿಸುವ ವಿದ್ಯೆ ಸಂಖ್ಯಾಶಾಸ್ತ್ರಜ್ಞರಿಗೆ ಗೊತ್ತಿದೆ, ಸುಳ್ಳು ಅಂಕವನ್ನು ನಿಭಾಯಿಸುವುದು ಗೊತ್ತಿಲ್ಲ.

ಡಾಕ್ಟರಮ್ಮ ನೊಂದುಕೊಳ್ಳುತ್ತಾರೆ ಎಂಬ ನಿಮ್ಮ ಸೌಜನ್ಯ ನಮ್ಮ ಕಡೆಯ ಜನರ ದೊಡ್ಡ ಗುಣ, ಸಂಶೋಧನೆಗೆ ದೊಡ್ಡ ಕಂಟಕ. ‘ಹೇಗಿದ್ದೀರಿ?’ ಎಂದರೆ ‘ನಿಮ್ಮ ಆಶೀರ್ವಾದ, ಆರಾಮ ಇದ್ದೇನೆ’ ಎನ್ನುತ್ತಾ ಗೋಡೆ ಹಿಡಿದು ಎದ್ದು ಹೋದವರನ್ನು ನಾನು ಎಷ್ಟೋ ನೋಡಿದ್ದೇನೆ. ನಿಮ್ಮಂಥದೇ ಕಾಲುಸೆಳೆತಕ್ಕೆ ಪ್ರಿಗ್ಯಾಬಲಿನ್ ಮಾತ್ರೆಯನ್ನು ಎಲ್ಲೆಡೆ ಕೊಡುತ್ತಿದ್ದರು, ಈಗಲೂ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ 209 ಮಂದಿ ಸೇರಿದ್ದ ಅಧ್ಯಯನ 2017ರಲ್ಲಿ ಹೇಳಿದ್ದೇನೆಂದರೆ, ಅದು ಪ್ಲಾಸಿಬೊಗಿಂತ ಕಾಲುನೋವನ್ನು ಹೆಚ್ಚು ಇಳಿಸಲಿಲ್ಲ, ತಲೆಸುತ್ತನ್ನು ಮಾತ್ರ ಹೆಚ್ಚು ತಂದಿತು. ‘ಕಡಿಮೆಯಾಗಿಲ್ಲ’ ಎಂದು ಮುಖಕ್ಕೆ ಹೇಳುವ ಜನ ಇದ್ದುದರಿಂದ ಅದು ಗೊತ್ತಾಯಿತು. ನಿಮಗೂ ತಲೆಸುತ್ತು, ತೂಕಡಿಕೆ, ಕಾಲು ಊತ ಏನಾದರೂ ಬಂದರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ತಿಳಿಸಿ. ರೋಫೆಕಾಕ್ಸಿಬ್ ಎಂಬ ಕೀಲುನೋವಿನ ಮಾತ್ರೆ ಒಂದು ಕಾಲದಲ್ಲಿ ಕೋಟಿಗಟ್ಟಲೆ ಜನರ ಹೊಟ್ಟೆ ಸೇರುತ್ತಿತ್ತು. ಪ್ಲಾಸಿಬೊ ಜೊತೆ ಹೋಲಿಸಿ ನಡೆದ ಅಧ್ಯಯನವೊಂದರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿರುವುದು ಕಂಡ ಮೇಲೆ 2004ರ ಸೆಪ್ಟೆಂಬರ್ ಕೊನೆಯಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು.

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಗದಗ ಜಿಲ್ಲೆಯ ಹಳ್ಳಿಯಲ್ಲಿರುವ ನಮ್ಮ ತಂದೆಗೆ 71 ವರ್ಷ, ಓದು ಬರಹ ಬರುವುದಿಲ್ಲ. ಚಿಕೂನ್‌ಗುನ್ಯ ಬಂದು ಹೋದ ಮೇಲೆ ಕೀಲುನೋವು ಬಿಟ್ಟಿಲ್ಲ. ಆಸ್ಪತ್ರೆಯೊಂದರಲ್ಲಿ ಯಾವುದೋ ಅಧ್ಯಯನಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಏನು ಎಂದು ಕೇಳಿದರೆ ‘ದೊಡ್ಡ ಡಾಕ್ಟರು ಹೇಳಿದರು, ಒತ್ತಿದೆ’ ಎನ್ನುತ್ತಾರೆ. ಕೈಯಲ್ಲಿ ಒಂದು ಕಾಗದವೂ ಇಲ್ಲ. ಏನು ಮಾಡಲಿ?

ಉತ್ತರ: ಮೊದಲ ಕೆಲಸ ಕಾಗದ. ಓದು ಬಾರದವರಿಂದ ಹೆಬ್ಬೆಟ್ಟು ಪಡೆಯುವಾಗ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಕುಳಿತಿದ್ದು, ಪೂರ್ತಿ ವಿವರಿಸಿದ್ದನ್ನು ಕೇಳಿಸಿಕೊಂಡು ಸಹಿ ಹಾಕಬೇಕು. ಮಾಹಿತಿ ಪತ್ರದ ಮತ್ತು ಸಹಿಯಾದ ಸಮ್ಮತಿ ಪತ್ರದ ಪ್ರತಿ ನಿಮ್ಮ ತಂದೆಗೆ ಸೇರಬೇಕು, ಅವರಿಗೆ ತಿಳಿಯುವ ಭಾಷೆಯಲ್ಲಿ. ಇದು ಯಾರ ಕೃಪೆಯೂ ಅಲ್ಲ, ನಿಯಮ. ಸಿಟ್ಟು ಮಾಡದೆ, ಆದರೆ ಬಿಡದೆ ಕೇಳಿ. ಅದರಲ್ಲಿ ಮುಖ್ಯ ಸಂಶೋಧಕರ ಹೆಸರು, ಫೋನ್ ಸಂಖ್ಯೆ, ನೈತಿಕ ಸಮಿತಿಯ ಸಂಪರ್ಕ ಎಲ್ಲ ಇರುತ್ತದೆ. ಕೊಡದಿದ್ದರೆ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ. ಸಮಿತಿಯಲ್ಲಿ ಕುಳಿತಿದ್ದವಳಾಗಿ ಹೇಳುತ್ತೇನೆ, ಅಂಥ ಪತ್ರ ಬಂದರೆ ಸಭೆಯ ಬಣ್ಣವೇ ಬದಲಾಗುತ್ತದೆ.

ಬಳಿಕ ಸಿಟಿಆರ್‌ಐ ಎಂಬ ಭಾರತದ ಔಷಧ ಪ್ರಯೋಗಗಳ ನೋಂದಣಿ ತಾಣವನ್ನು ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಶುರು ಮಾಡಿದ್ದು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ದುಡ್ಡು ಕೊಡಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಸಂಖ್ಯೆ ಸಿಕ್ಕರೆ ಯಾವ ಔಷಧ, ಎಷ್ಟು ಜನ, ದುಡ್ಡು ಯಾರದು, ಯಾವ ಸಮಿತಿ ಒಪ್ಪಿದೆ ಎಂಬುದೆಲ್ಲ ಕುಳಿತಲ್ಲೇ ತಿಳಿಯುತ್ತದೆ. ಪುಣೆಯಿಂದ ನೀವು ಮಾಡಬಹುದಾದ ದೊಡ್ಡ ಸಹಾಯ ಇದು.

ಹೊಸ ಔಷಧದ ಪ್ರಯೋಗವಾಗಿದ್ದರೆ 2019ರ ನಿಯಮಗಳು ಅನ್ವಯಿಸುತ್ತವೆ. ಗಂಭೀರ ತೊಂದರೆಯಾದರೆ ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರಯೋಗದ ಅವಧಿಯಲ್ಲಿ ಆದ ಹಾನಿಗೆ ಚಿಕಿತ್ಸೆ ಉಚಿತ. ಹಾನಿ ಪ್ರಯೋಗದಿಂದಲೇ ಎಂದು ತೀರ್ಮಾನವಾದರೆ ಹಣದ ಪರಿಹಾರವೂ ಇದೆ. ಲಭ್ಯವಿದ್ದ ಚಿಕಿತ್ಸೆಯನ್ನು ಕೊಡದೆ ಪ್ಲಾಸಿಬೊ ಕೊಟ್ಟದ್ದರಿಂದ ಆದ ಹಾನಿಯೂ ಇದರಲ್ಲಿ ಸೇರುತ್ತದೆ. ಬರೀ ಪ್ರಶ್ನಾವಳಿ ತುಂಬಿಸಿಕೊಳ್ಳುವ ಪಿಜಿ ಪ್ರಬಂಧವಾಗಿದ್ದರೆ ಇಷ್ಟೆಲ್ಲ ಆತಂಕ ಬೇಕಿಲ್ಲ. ನಮ್ಮಲ್ಲಿ ಎಂಡಿ, ಎಂಎಸ್ ಓದುವವರೆಲ್ಲ ಒಂದು ಪ್ರಬಂಧ ಬರೆಯಲೇಬೇಕು. ಕಾಲೇಜು ಆಸ್ಪತ್ರೆಗಳಲ್ಲಿ ‘ಅಧ್ಯಯನ’ ಎಂದು ಕೇಳಿಬರುವುದರಲ್ಲಿ ಬಹುಪಾಲು ಇದೇ.

ಕಾಗದ ಬಂದ ಮೇಲೆ ಫೋನಿನಲ್ಲಿ ತಂದೆಗೆ ಓದಿ ಹೇಳಿ, ಅವರೇ ನಿರ್ಧರಿಸಲಿ. ನೀವು ಓದಿದವರು, ದುಡಿಯುವವರು ಎಂಬ ಕಾರಣಕ್ಕೆ ಅವರ ಪರವಾಗಿ ‘ಬೇಡ’ ಎನ್ನಬೇಡಿ. ದೊಡ್ಡ ಡಾಕ್ಟರ ಮಾತಿಗೆ ಹೆಬ್ಬೆಟ್ಟು ಒತ್ತುವುದು ಎಷ್ಟು ತಪ್ಪೋ, ಮಗನ ಮಾತಿಗೆ ಹಿಂದೆ ಸರಿಯುವುದೂ ಅಷ್ಟೇ. ಅವರು ಬಿಡುವುದಾದರೆ ಕಾರಣ ಹೇಳಬೇಕಿಲ್ಲ, ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಮಾತ್ರೆಯನ್ನು ಮಾತ್ರ ತಾವಾಗಿ ಥಟ್ಟನೆ ಬಿಡದೆ, ಕೇಳಿ ಬಿಡಲಿ.

ಪ್ರಶ್ನೆ: ನಿಮ್ಮ ಸಲಹೆ ಓದಿ ಆಘಾತವಾಯಿತು. ಬಡವರ ಮೈ ನಿಮಗೆ ಪ್ರಯೋಗಶಾಲೆಯೇ? ಶ್ರೀಮಂತರ ಮಂಡಿಯ ಮೇಲೆ ಮಾಡಿ ನೋಡೋಣ!
– ಕಲಬುರಗಿ

ಉತ್ತರ: ನಿಮ್ಮ ಸಿಟ್ಟಿಗೆ ಆಧಾರವಿದೆ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಶಾಲಾ ಹುಡುಗಿಯರಿಗೆ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವ) ಲಸಿಕೆ ಹಾಕುವ ಅಧ್ಯಯನ ನಡೆದಾಗ, ಎಷ್ಟೋ ಸಮ್ಮತಿ ಪತ್ರಗಳಿಗೆ ಅಪ್ಪ ಅಮ್ಮಂದಿರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಅದು 2010ರಲ್ಲಿ ನಿಂತಿತು, ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ವರದಿ ಬರೆಯಿತು. ಇಂದೋರ್‌ನಲ್ಲಿ ರೋಗಿಗಳ ಮೇಲೆ ನಡೆದ ಔಷಧ ಪ್ರಯೋಗಗಳ ಬಗ್ಗೆ ದೂರುಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಪರಿಹಾರದ ನಿಯಮ 2013ರ ಜನವರಿಯಲ್ಲಿ ಬಂದದ್ದು ಇಂಥ ಗದ್ದಲದ ನಡುವೆ. ನಿಮ್ಮಂಥವರು ಕೂಗದಿದ್ದರೆ ನಾವು ವೈದ್ಯರು ನಾವಾಗಿಯೇ ತಿದ್ದಿಕೊಳ್ಳುತ್ತಿದ್ದೆವು ಎಂದು ನಂಬುವಷ್ಟು ಮುಗ್ಧೆ ನಾನಲ್ಲ.

ಈಗ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅಧ್ಯಕ್ಷರು ಆ ಸಂಸ್ಥೆಗೆ ಹೊರಗಿನವರಾಗಿರಬೇಕು, ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಕೆಲವು ಸಮಿತಿಗಳಲ್ಲಿ ಆ ಸಾಮಾನ್ಯ ನಾಗರಿಕರು ಚಹಾ ಕುಡಿದು ಸಹಿ ಹಾಕಿ ಹೋಗುತ್ತಾರೆ, ಕೆಲವರು ಎಲ್ಲರ ಬೆವರಿಳಿಸುತ್ತಾರೆ. ಇಷ್ಟು ಸಿಟ್ಟಿರುವ ನೀವು ನಿಮ್ಮೂರಿನ ಕಾಲೇಜಿನ ಸಮಿತಿಗೆ ಹೆಸರು ಕೊಡಬಾರದೇಕೆ? ವ್ಯಂಗ್ಯವಾಗಿ ಹೇಳುತ್ತಿಲ್ಲ.

ಒಂದನ್ನು ಮಾತ್ರ ಒಪ್ಪಲಾರೆ. ಶ್ರೀಮಂತರ ಮೇಲಷ್ಟೇ ಮಾಡಿ ಎಂದರೆ, ಹಗಲಿಡೀ ಕುಕ್ಕರಗಾಲಿನಲ್ಲಿ ಕುಳಿತು ಹತ್ತಿ ಬಿಡಿಸುವವಳ, ಬೀಡಿ ಕಟ್ಟುವವಳ, ಮೂಟೆ ಹೊರುವವನ ನೋವಿಗೆ ಏನು ನಾಟುತ್ತದೆ ಎಂಬುದು ಎಂದೂ ತಿಳಿಯುವುದಿಲ್ಲ. ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರ ಸೊಂಟಕ್ಕೆ ಹೊಂದಿದ ಉತ್ತರವನ್ನೇ ಅವರಿಗೂ ತೊಡಿಸುತ್ತೇವೆ, ಈಗಲೂ ಹೆಚ್ಚಾಗಿ ಹಾಗೇ ಮಾಡುತ್ತಿದ್ದೇವೆ.

ಪ್ರಶ್ನೆ: ಮುಟ್ಟಿನ ನೋವಿನ ಬಗ್ಗೆ ಸಂದರ್ಶನ ಮಾಡುವ ಅಧ್ಯಯನಕ್ಕೆ ಕರೆದಿದ್ದಾರೆ. ಔಷಧ ಇಲ್ಲ, ಮಾತು ಮಾತ್ರ, ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ಮನೆಯಲ್ಲಿ ತಿಳಿದರೆ ಕಷ್ಟ.
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕುತ್ತಾರೆ. ಧ್ವನಿಯ ಕಡತ ಯಾರ ಬಳಿ ಇರುತ್ತದೆ, ಯಾವಾಗ ಅಳಿಸುತ್ತಾರೆ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಬೇಡವಾದ ಪ್ರಶ್ನೆಗೆ ‘ಇದು ಬೇಡ’ ಎಂದರೆ ಸಾಕು. ಮನೆಗೆ ಫೋನ್ ಅಥವಾ ಪತ್ರ ಬಾರದಂತೆ ಮೊದಲೇ ಹೇಳಿಡಿ. 18 ತುಂಬಿದ್ದರೆ ಹೆತ್ತವರ ಸಹಿ ಬೇಕಿಲ್ಲ. ತುಂಬಿಲ್ಲದಿದ್ದರೆ ಸಾಮಾನ್ಯವಾಗಿ ಬೇಕಾಗುತ್ತದೆ, ಆಗ ನಿಮ್ಮ ಗುಟ್ಟು ಉಳಿಯುವುದು ಕಷ್ಟ. ಮೂರು ತಿಂಗಳಿಗೂ ಹೆಚ್ಚು ಕಾಲ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎಂದೇ ಎಣಿಸುತ್ತೇವೆ. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಕಳಿಸುವವರ ಬಳಿ ಮತ್ತೆ ಹೋಗಬೇಡಿ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ಅಧ್ಯಯನಕ್ಕೆ ಸೇರಿದರೂ ಸೇರದಿದ್ದರೂ.

ಪ್ರಶ್ನೆ: ಕತ್ತುನೋವಿನ ಅಧ್ಯಯನದಲ್ಲಿ ಭಾಗವಹಿಸಿ ಬಹಳ ಕಾಲವಾಯಿತು. ನನಗೆ ಕೊಟ್ಟದ್ದು ಅಸಲಿಯೋ ನಕಲಿಯೋ, ಕೊನೆಗೆ ಏನು ಗೊತ್ತಾಯಿತು, ಯಾರೂ ಹೇಳಲಿಲ್ಲ. ಕೇಳುವುದು ತಪ್ಪೇ?
– ಶಿಕ್ಷಕ, ಚಾಮರಾಜನಗರ

ಉತ್ತರ: ತಪ್ಪಲ್ಲ. ಕೇಳದಿರುವವರೇ ಹೆಚ್ಚು, ಅದಕ್ಕೇ ಹೇಳದಿರುವವರೂ ಹೆಚ್ಚು. ಜಗತ್ತಿನ ವೈದ್ಯರ ಸಂಘ 1964ರಲ್ಲಿ ಹೆಲ್ಸಿಂಕಿಯಲ್ಲಿ ಮಾಡಿ, ಆಮೇಲೆ ತಿದ್ದುತ್ತಾ ಬಂದಿರುವ ಘೋಷಣೆಯ ಪ್ರಕಾರ, ಅಧ್ಯಯನದ ಒಟ್ಟು ಫಲಿತಾಂಶ ತಿಳಿಯುವ ಅವಕಾಶವನ್ನು ಭಾಗವಹಿಸಿದ ಪ್ರತಿಯೊಬ್ಬರಿಗೂ ಕೊಡಬೇಕು. ಎಲ್ಲರ ಲೆಕ್ಕ ಮುಗಿಯುವವರೆಗೆ ಯಾರಿಗೆ ಯಾವುದು ಎಂಬ ಗುಟ್ಟನ್ನು ಒಡೆಯುವುದಿಲ್ಲ, ಅದಕ್ಕೆ ವರ್ಷವೂ ಹಿಡಿಯಬಹುದು. ಸಮ್ಮತಿ ಪತ್ರದ ಮೇಲಿನ ನಿಮ್ಮ ಸಂಖ್ಯೆಯನ್ನು ಬರೆದು, ‘ನನಗೆ ಕೊಟ್ಟದ್ದು ಯಾವುದು, ಫಲಿತಾಂಶ ಏನು, ಎಲ್ಲಿ ಪ್ರಕಟವಾಗಿದೆ’ ಎಂದು ಎರಡು ಸಾಲಿನ ಪತ್ರ ಹಾಕಿ, ಪ್ರತಿಯೊಂದನ್ನು ನೈತಿಕ ಸಮಿತಿಗೂ ಕಳಿಸಿ. ಪತ್ರವನ್ನು ನಿಮ್ಮನ್ನು ನೋಡಿದ ಪಿಜಿ ವೈದ್ಯರ ಹೆಸರಿಗೆ ಹಾಕಬೇಡಿ. ಅವರ ಕೋರ್ಸ್ ಮೂರು ವರ್ಷದ್ದು, ಇಷ್ಟು ಹೊತ್ತಿಗೆ ಬೇರೆ ಯಾವುದೋ ಊರಿನ ಆಸ್ಪತ್ರೆಯಲ್ಲಿರುತ್ತಾರೆ. ಸಮ್ಮತಿ ಪತ್ರದಲ್ಲಿ ಅವರ ಮಾರ್ಗದರ್ಶಕರ ಹೆಸರೂ ಇರುತ್ತದೆ, ಅವರ ಹೆಸರಿಗೆ ಹಾಕಿ. ಅವರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ.